ಅಪ್‌ಡೇಟ್: ಬ್ಲೂಬೆರಿಗೆ ಜಾಡಿಯೇ ಸರಿ

ಸ್ಟಾರ್ಡ್ಯೂ ವ್ಯಾಲಿ ಎಂಬ ಕೃಷಿ ವಿಡಿಯೋ ಗೇಮ್‌ನಲ್ಲಿ ಬ್ಲೂಬೆರಿಯಿಂದ ವೈನ್ ಮಾಡಬೇಕೋ, ಜೆಲ್ಲಿಯೋ ಎಂದು ಕೇಳಿದ್ದೆ. ಜೆಲ್ಲಿ ಮಾಡುವ ಜಾಡಿಗೆ ಹಾಕಿ ಎಂದವರಿಗೆ ಮನಃಪೂರ್ವಕ ಧನ್ಯವಾದ. ಸಾಧಾರಣ ಹಣ್ಣಿಗೆ 50 ಗೋಲ್ಡ್ (ಆಟದ ಹಣ). ವೈನ್ ಮಾಡುವ ಪೀಪಾಯಿ, ಅಂದರೆ ಕೆಗ್‌ನಲ್ಲಿ ಅದು ಮೂರು ಪಟ್ಟಾಗಿ 150, ಜಾಡಿಯಲ್ಲಿ ಎರಡು ಪಟ್ಟಿನ ಮೇಲೆ 50 ಸೇರಿ ಅಲ್ಲೂ 150. ಆದರೆ ವೈನ್‌ಗೆ ವಾರ ಕಾಯಬೇಕು, ಜೆಲ್ಲಿ ಎರಡು ಮೂರು ದಿನಗಳಲ್ಲೇ ಸಿದ್ಧ.

ಹೀಗೆ ತೆರವಾದ ಕೆಗ್‌ಗಳನ್ನು ಬಿಯರ್‌ಗೆ ಬಳಸುವ ಹಾಪ್ಸ್‌ಗೆ ಕೊಟ್ಟೆ. 25ರ ಬೆಳೆ 300ರ ಪೇಲ್ ಏಲ್ ಬಿಯರ್ ಆಗುತ್ತದೆ! ಬೇಸಿಗೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಕಾಫಿಯನ್ನೂ ಬಿಟ್ಟಿಲ್ಲ, ಮೂಡಿಗೆರೆಯವರು ಬಿಡುವುದುಂಟೇ? ಕೆಗ್‌ಗೆ ಐದು ಬೀಜ ಹಾಕಿದರೆ ಆಟದ ಎರಡೇ ಗಂಟೆಗಳಲ್ಲಿ 150ರ ಕಾಫಿ. ಕಣದಲ್ಲಿ ಹಣ್ಣು ಒಣಗಲು ದಿನಗಟ್ಟಲೆ ಕಾಯುವ ನಮಗೆ ಇದು ಬೆರಗೇ. ಕೃಷಿಯ 10ನೇ ಹಂತ ತಲುಪಿದಾಗ ಆರ್ಟಿಸನ್ ವೃತ್ತಿಯನ್ನೇ ಆರಿಸುತ್ತೇನೆ, ಕಾಫಿ ಬಿಟ್ಟು ಉಳಿದ ವೈನ್, ಜೆಲ್ಲಿ, ಪೇಲ್ ಏಲ್‌ಗೆ ಶೇ. 40 ಹೆಚ್ಚು ಬೆಲೆ ಸಿಗುತ್ತದೆ.