ಒಂದೇ ಎಫ್‌ಡಿಎ: ಔಷಧಕ್ಕೊಂದು ನಿಯಮ, ಪೂರಕ ಗುಳಿಗೆಗೆ ಇನ್ನೊಂದು ನಿಯಮ ಏಕೆ?

ಪ್ರಶ್ನೆ:
ಅಮೆರಿಕದಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಇಲ್ಲಿ ರಕ್ತದೊತ್ತಡದ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ. ಆದರೆ ಅದೇ ಅಂಗಡಿಯ ಮತ್ತೊಂದು ಸಾಲಿನಲ್ಲಿ ಕೀಲುಗಳ ಆರೋಗ್ಯಕ್ಕೆ, ನೆನಪಿನ ಶಕ್ತಿಗೆ ಎಂದು ಬರೆದಿರುವ ಗುಳಿಗೆಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಅಂಥ ಒಂದು ಡಬ್ಬಿಯ ಹಿಂಬದಿಯಲ್ಲಿ, ಈ ಹೇಳಿಕೆಯನ್ನು ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಆಡಳಿತ, ಪರಿಶೀಲಿಸಿಲ್ಲ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ. ಇಷ್ಟು ಕಟ್ಟುನಿಟ್ಟಿನ ಸಂಸ್ಥೆಯಿರುವ ದೇಶದಲ್ಲಿ ಪರಿಶೀಲನೆಯಾಗದ ವಸ್ತು ಅಂಗಡಿಗೆ ಬಂದದ್ದು ಹೇಗೆ?

ಉತ್ತರ 1:
ನೀವು ಆ ಸಣ್ಣ ಅಕ್ಷರಗಳನ್ನು ಓದಿದ್ದು ಒಳ್ಳೆಯದಾಯಿತು, ಏಕೆಂದರೆ ಬಹಳ ಜನ ಓದುವುದಿಲ್ಲ. ಔಷಧವನ್ನು ಮಾರುವ ಮೊದಲು ತಯಾರಕರು ಅದು ಸುರಕ್ಷಿತವೆಂದೂ ಪರಿಣಾಮಕಾರಿಯೆಂದೂ ತೋರಿಸಿ ಅನುಮತಿ ಪಡೆಯಬೇಕು. ನೀವು ನೋಡಿದಂಥ ಪೂರಕ ಗುಳಿಗೆಗಳಿಗೆ 1994ರ ಕಾಯ್ದೆಯೊಂದು ಬೇರೆ ದಾರಿ ಹಾಕಿಕೊಟ್ಟಿತು: ಅವನ್ನು ಆಹಾರದ ಒಂದು ಬಗೆಯೆಂದು ಪರಿಗಣಿಸಲಾಗುತ್ತದೆ, ಪೂರ್ವಾನುಮತಿ ಬೇಕಿಲ್ಲ, ಮಾರುಕಟ್ಟೆಗೆ ಬಂದ ಮೇಲೆ ಅಪಾಯವಿದೆಯೆಂದು ರುಜುವಾತು ಮಾಡುವ ಹೊರೆ ಸರ್ಕಾರದ ಮೇಲಿರುತ್ತದೆ. ತೂಕ ಇಳಿಸಲು ಮಾರುತ್ತಿದ್ದ ಎಫಿಡ್ರಾ ಎಂಬ ಮೂಲಿಕೆಯ ಪೂರಕಗಳನ್ನು ನಿಷೇಧಿಸಲು 2004ರವರೆಗೆ ಕಾಯಬೇಕಾಯಿತು. "ಕೀಲುಗಳ ಆರೋಗ್ಯಕ್ಕೆ ನೆರವು" ಎಂದು ಬರೆಯಲು ಕಾನೂನು ಬಿಡುತ್ತದೆ. "ಸಂಧಿವಾತ ಗುಣವಾಗುತ್ತದೆ" ಎಂದು ಬರೆದರೆ ಅದೇ ಗುಳಿಗೆ ಕಾನೂನಿನ ಕಣ್ಣಿಗೆ ಅನುಮತಿಯಿಲ್ಲದ ಔಷಧವಾಗುತ್ತದೆ.

ಉತ್ತರ 2:
ಈ ಬಿಗಿ ಹೇಗೆ ಬಂತು ಎನ್ನುವುದನ್ನೂ ತಿಳಿಯಬೇಕು. 1937ರಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ದ್ರವರೂಪದಲ್ಲಿ ಮಾರಲು ಹೊರಟ ಒಂದು ಕಂಪನಿ ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವದಲ್ಲಿ ಕರಗಿಸಿತು. ರುಚಿ, ಬಣ್ಣ, ವಾಸನೆಗಳನ್ನು ನೋಡಿದರೇ ಹೊರತು ಅದು ವಿಷವೇ ಎಂದು ಯಾರೂ ಪರೀಕ್ಷಿಸಲಿಲ್ಲ, ಹಾಗೆ ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ಅದನ್ನು ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಅನೇಕರು. ನನ್ನ ಮನಸ್ಸನ್ನು ಇಂದಿಗೂ ಕಲಕುವ ಸಂಗತಿಯೆಂದರೆ, ಆ ಬಾಟಲಿಗಳನ್ನು ವಶಪಡಿಸಿಕೊಳ್ಳಲು ಅಧಿಕಾರಿಗಳಿಗೆ ಸಿಕ್ಕ ಕಾರಣ ಸಾವುಗಳಲ್ಲ, ಹೆಸರಿನ ತಪ್ಪು: ಅದನ್ನು ಎಲಿಕ್ಸರ್ ಎಂಬ ಹೆಸರಿನಲ್ಲಿ ಮಾರಿದ್ದರು; ಎಲಿಕ್ಸರ್ ಎಂದರೆ ಆಲ್ಕೋಹಾಲ್ ಇರಬೇಕಿತ್ತು, ಇದರಲ್ಲಿ ಇರಲಿಲ್ಲ. ಮರುವರ್ಷವೇ, 1938ರಲ್ಲಿ, ಮಾರಾಟಕ್ಕೆ ಮೊದಲೇ ಸುರಕ್ಷತೆಯನ್ನು ತೋರಿಸಬೇಕೆಂಬ ಕಾಯ್ದೆ ಬಂತು. ಅನಂತರ ಥಾಲಿಡೋಮೈಡ್ ಎಂಬ ನಿದ್ರೆಯ ಔಷಧವನ್ನು ಮಾರಲು ಅನುಮತಿ ಕೋರಿ ಅರ್ಜಿ ಬಂದಾಗ, ಎಫ್‌ಡಿಎಯ ವೈದ್ಯೆ ಫ್ರಾನ್ಸಿಸ್ ಕೆಲ್ಸಿ ಅವರು ಕಂಪನಿಯ ಒತ್ತಡಕ್ಕೆ ಬಗ್ಗದೆ ಇನ್ನಷ್ಟು ಪುರಾವೆ ಬೇಕೆಂದು ಪಟ್ಟು ಹಿಡಿದರು; ಬೇರೆ ದೇಶಗಳಲ್ಲಿ ಅದನ್ನು ಸೇವಿಸಿದ ಗರ್ಭಿಣಿಯರಿಗೆ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ ಸುದ್ದಿ ಆಮೇಲೆ ತಿಳಿಯಿತು. ಪರಿಣಾಮಕಾರಿತ್ವವನ್ನೂ ಸಾಬೀತುಪಡಿಸಬೇಕೆಂಬ ನಿಯಮ 1962ರಲ್ಲಿ ಬಂದದ್ದು ಇದರ ಬೆನ್ನಿಗೇ.

ಉತ್ತರ 3:
ಮೇಲಿನ ಉತ್ತರಗಳಿಗೆ ಒಂದು ಸ್ಪಷ್ಟನೆ ಸೇರಿಸುತ್ತೇನೆ. ಹೊಸ ಔಷಧವನ್ನು ಎಫ್‌ಡಿಎ ತಾನೇ ರೋಗಿಗಳ ಮೇಲೆ ಪ್ರಯೋಗಿಸುವುದಿಲ್ಲ. ಪ್ರಯೋಗಗಳನ್ನು ನಡೆಸುವವರು ತಯಾರಕರು. ಆ ದತ್ತಾಂಶವನ್ನು ಸಂಸ್ಥೆಯ ವೈದ್ಯರು, ರಸಾಯನತಜ್ಞರು, ಸಂಖ್ಯಾಶಾಸ್ತ್ರಜ್ಞರು ಪರಿಶೀಲಿಸುತ್ತಾರೆ, ಮತ್ತು ಭಾರತವೂ ಸೇರಿದಂತೆ ಹೊರದೇಶಗಳ ಕಾರ್ಖಾನೆಗಳಿಗೂ ಹೋಗಿ ತಪಾಸಣೆ ಮಾಡುತ್ತಾರೆ. ಆಹಾರದಲ್ಲಿ ಮಾಂಸ ಮತ್ತು ಕೋಳಿಮಾಂಸ ಬಹುಮಟ್ಟಿಗೆ ಕೃಷಿ ಇಲಾಖೆಗೆ ಸೇರಿದ್ದು. ಉಳಿದ ಬಹುತೇಕ ಆಹಾರ ಎಫ್‌ಡಿಎ ವ್ಯಾಪ್ತಿಗೆ ಬರುತ್ತದೆ. ಅಪಾಯಕಾರಿ ಆಹಾರವನ್ನು ಹಿಂಪಡೆಯುವಂತೆ ಆಜ್ಞಾಪಿಸುವ ಸಾಮಾನ್ಯ ಅಧಿಕಾರ ಅದಕ್ಕೆ ದೊರೆತದ್ದು 2011ರ ಕಾಯ್ದೆಯಿಂದ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ರಕ್ತದೊತ್ತಡದ ಮಾತ್ರೆಯ ಜೊತೆ ಇಂಥ ಪೂರಕವನ್ನು ತೆಗೆದುಕೊಳ್ಳಬಹುದೇ?

ಉತ್ತರ 1:
ದಯವಿಟ್ಟು ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ ಕೇಳಿ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಅನೇಕ ಔಷಧಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಗರ್ಭನಿರೋಧಕ ಗುಳಿಗೆಗಳು, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಗಳು ಕೂಡ ಇದರಿಂದ ಹೊರತಲ್ಲ. ಪೂರಕದಿಂದ ತೊಂದರೆಯಾದರೆ ಎಫ್‌ಡಿಎಗೆ ನೇರವಾಗಿ ದೂರು ಸಲ್ಲಿಸಬಹುದು. ಡಬ್ಬಿಯ ಮೇಲಿರುವ ಕಂಪನಿಗೂ ತಿಳಿಸಿ: ಗಂಭೀರ ತೊಂದರೆಯ ವರದಿ ಕೈಸೇರಿದ 15 ಕೆಲಸದ ದಿನಗಳೊಳಗೆ ಅದನ್ನು ಎಫ್‌ಡಿಎಗೆ ಒಪ್ಪಿಸುವುದು ಆ ಕಂಪನಿಯ ಕಾನೂನುಬದ್ಧ ಕರ್ತವ್ಯ.