ಪದಚರ್ಚೆ: 'ಹಾರ್ಕ್' ಅನ್ನುವುದಕ್ಕೆ ಕನ್ನಡದಲ್ಲಿ ಏನು? (ಅರ್ಜೆಂಟ್)

ಗೆಳೆಯರೇ,
'ಹಾರ್ಕ್! ದ ಹೆರಾಲ್ಡ್ ಏಂಜೆಲ್ಸ್ ಸಿಂಗ್' ಎಂಬ ಕ್ರಿಸ್‌ಮಸ್ ಹಾಡನ್ನು ನಮ್ಮ ಹಾಡುಗಾರರ ತಂಡಕ್ಕಾಗಿ ಹೊಸದಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಮೊದಲ ಪದದಲ್ಲೇ ಸಿಕ್ಕಿಕೊಂಡಿದ್ದೇನೆ. 'ಆಲಿಸಿರಿ' ಎಂದು ಬರೆದೆ. ಹಾಡಿ ನೋಡಿದರೆ ಯಾರೋ ಪ್ರಕಟಣೆ ಓದಿದ ಹಾಗಿದೆ. ಸುಮ್ನೆ 'ಕೇಳಿ' ಅಂದರೆ ಸಾಕೇ? 'ಹಾರ್ಕನ್' ಅಂತಲೂ ಇದೆಯಲ್ಲ, ಎರಡೂ ಒಂದೇನಾ?

*

'ಆಲಿಸಿ' ಬೇಡ ಸರ್. ಆಲಿಸುವುದು ಕೂತು ಮಾಡುವ ಕೆಲಸ. ಹಾರ್ಕ್ ಹಾಗಲ್ಲ. ಸದ್ದು ಆಗಲೇ ಬರುತ್ತಿದೆ, ಪಕ್ಕದವರು ಗಮನಿಸಿಲ್ಲ, ಆಗ ಥಟ್ಟನೆ ಬಾಯಿಗೆ ಬರುವ ಮಾತು ಅದು. ರಾತ್ರಿ ಜಗಲಿಯಲ್ಲಿ ಕೂತಿದ್ದಾಗ ದೂರದಲ್ಲೆಲ್ಲೋ ಚೆಂಡೆ ಶುರುವಾದರೆ ನಮ್ಮಜ್ಜಿ ಅಡಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ 'ಅಗೋ' ಅನ್ನುತ್ತಿದ್ದರು. ಅಷ್ಟೇ. ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಆ 'ಅಗೋ'ನೇ ಹಾರ್ಕ್.

ಹಾರ್ಕನ್ ಒಂದೇ ಬೇರಿನದಾದರೂ ಬಳಕೆ ಬೇರೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಎಷ್ಟೋ ಕಡೆ ಹೇಳಿದಂತೆ ನಡೆಯುವುದೂ ಅದರೊಳಗೆ ಸೇರಿದೆ. ನಮ್ಮ 'ಮಾತು ಕೇಳು' ಸರಿಯಾಗಿ ಅದೇ. 'ಮಗ ಮಾತೇ ಕೇಳಲ್ಲ' ಅಂದರೆ ಅವನು ಕಿವುಡ ಅಂತಲ್ಲವಲ್ಲ.

'ಹಾರ್ಕ್ ಬ್ಯಾಕ್' ಬೇಟೆಯವರ ಮಾತು. ವಾಸನೆಯ ಜಾಡು ತಪ್ಪಿದ ನಾಯಿಗಳನ್ನು ಬಂದ ದಾರಿಗೇ ತಿರುಗಿಸುವ ಕೂಗು. ಈಗ ಹಳೆಯದನ್ನು ನೆನೆಯುವುದಕ್ಕೆ ಬಳಸುತ್ತಾರೆ. ನಿಮ್ಮ ಹಾಡಿಗೆ ಅದು ಬೇಕಿಲ್ಲ.

*

'ಅಗೋ' ಕಣ್ಣಿಗೆ ತೋರಿಸುವ ಪದ, ಕಿವಿಗಲ್ಲ. 'ಕೇಳು ಜನಮೇಜಯ ಧರಿತ್ರೀಪಾಲ' ಅಂದ ಕುಮಾರವ್ಯಾಸನಿಗೆ 'ಕೇಳು' ಸಾಕಾಗಿತ್ತು. ನಿಮಗೆ ಸಾಲದೇ? ಇನ್ನು 'ಏಂಜೆಲ್ಸ್' ಅನ್ನುವುದಕ್ಕೆ 'ದೇವದೂತರು' ಅಂತ ಬರೆದುಬಿಡಬೇಡಿ. ಅದು ಪೂರ್ತಿ ಸಂಸ್ಕೃತ. 'ಬಾನಾಳು' ಅನ್ನಿ. ಇಂಗ್ಲಿಷಿನವರು ತಮ್ಮ ಅಚ್ಚ ಪದ ಹಾರ್ಕನ್ನು ಬಿಟ್ಟಿಲ್ಲ. ಎರವಲಿನ ಚಾಳಿ ನಮಗೆ ಮಾತ್ರ.

*

ಜನಮೇಜಯ ಕಥೆ ಕೇಳಲೆಂದೇ ಕೂತವನು. ಅವನನ್ನು ಎಚ್ಚರಿಸಬೇಕಾಗಿರಲಿಲ್ಲ. ವ್ಯತ್ಯಾಸ ಅಲ್ಲೇ ಇದೆ.

ಎರವಲಿನ ಮಾತು ಎತ್ತಿದಿರಿ, ಹಾಗಾದರೆ ಈ ಹಾಡನ್ನೇ ನೋಡಿ. 1739ರಲ್ಲಿ ಚಾರ್ಲ್ಸ್ ವೆಸ್ಲಿ ಬರೆದ ಸಾಲಿನಲ್ಲಿ ಏಂಜೆಲ್ ಇರಲೇ ಇಲ್ಲ. 'ವೆಲ್ಕಿನ್' ಇತ್ತು. ಆಕಾಶಕ್ಕೆ ಅಚ್ಚ ಹಳೆಯ ಇಂಗ್ಲಿಷ್ ಪದ. 1753ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಅದನ್ನು ತೆಗೆದು ಹೆರಾಲ್ಡ್, ಏಂಜೆಲ್ ಎರಡನ್ನೂ ಹಾಕಿದ. ಒಂದು ಫ್ರೆಂಚಿನಿಂದ ಬಂದದ್ದು, ಇನ್ನೊಂದರ ಮೂಲ ಗ್ರೀಕ್. ಜನ ಹಾಡಿಕೊಂಡು ಬಂದಿರುವುದು ಆ ಎರವಲಿನ ಸಾಲನ್ನೇ. 'ದೇವದೂತ' ಹಳ್ಳಿಯ ಮಗುವಿಗೂ ತಿಳಿಯುತ್ತದೆ. 'ಬಾನಾಳು' ಅಂದರೆ ನಾನೇ ಎರಡು ಸಲ ಓದಬೇಕಾಯಿತು.

*

ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಹಾಡಿ ನೋಡಿದೆ. 'ಅಗೋ' ಅಂತ ಶುರು ಮಾಡಿದರೆ ಮೊದಲ ಪೆಟ್ಟು 'ಅ' ಮೇಲೆ ಬೀಳುತ್ತದೆ. ಅದು ಲಘು, ನಿಲ್ಲುವುದಿಲ್ಲ. ತಿರುಗಿಸಿ 'ಕೇಳಗೋ' ಅಂದೆ. ಗುರುವಿನಿಂದ ಎದ್ದು, ಕೊನೆಯ 'ಗೋ' ಕೂಡ ಉದ್ದಕ್ಕೆ ಎಳೆಯಲು ಸಿಗುತ್ತದೆ. ದೇವದೂತರು ಇರಲಿ. ಹಾಳೆಯಲ್ಲಿ 'ಕೇಳಗೋ' ಎಂದು ಕೂಡಿಸಿಯೇ ಬರೆಯಲೇ, 'ಕೇಳ್, ಅಗೋ' ಎಂದು ಬಿಡಿಸಲೇ? ಹಾಡುವವರಲ್ಲಿ ಮಕ್ಕಳೇ ಜಾಸ್ತಿ.