ಬೇಸರ ಹೋಯಿತು, ಮರೆವು ಹೋಗಿಲ್ಲ: ಸೂಜಿ ಚುಚ್ಚಿ ಕರೆಂಟ್ ಕೊಡಿಸಬಹುದಾ?

ಪ್ರಶ್ನೆ (ಶಿಡ್ಲಘಟ್ಟದಿಂದ):
ಡಾಕ್ಟ್ರೇ, ನಮ್ಮಣ್ಣ ರೇಷ್ಮೆ ರೀಲರ್, ಗೂಡು ಕೊಂಡು ನೂಲು ತೆಗೆಯುವ ಕೆಲಸ, ವಯಸ್ಸು 44. ಹೋದ ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ. ಅಳು ನಿಂತಿದೆ, ಊಟ ಸೇರುತ್ತಿದೆ. ಆದರೆ ತಲೆ ಓಡುತ್ತಿಲ್ಲ ಅನ್ನುತ್ತಾರೆ. ಗೂಡಿನ ಮಾರ್ಕೆಟ್ಟಿನಲ್ಲಿ ಲಾಟು ನೋಡಿ ಒಂದು ರೇಟು ಅಂದುಕೊಳ್ಳುತ್ತಾರೆ, ಮೊಬೈಲ್ ತೆಗೆದು ಹರಾಜಿಗೆ ಹಾಕುವಷ್ಟರಲ್ಲಿ ಮರೆತಿರುತ್ತಾರೆ. ಪರಿಚಯದವರೊಬ್ಬರು ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಡಿಸಿ, ಮಾತ್ರೆ ಬಿಟ್ಟುಬಿಡಬಹುದು ಅಂದರು. ಅದು ಶಾಕ್ ಟ್ರೀಟ್‌ಮೆಂಟೇನಾ?

ಉತ್ತರ (ಮನೋವೈದ್ಯ):
ಅಲ್ಲ. ಶಾಕ್ ಅನ್ನುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು, ಮೆದುಳಿಗೆ ಕರೆಂಟ್ ಹಾಯಿಸಿ ಫಿಟ್ಸ್ ಬರಿಸುತ್ತೇವೆ. ಇಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ನಡುನೆತ್ತಿ, ಹುಬ್ಬುಗಳ ನಡುವೆ, ಕೈಕಾಲಿನ ಕೆಲವು ಕಡೆ ಕೂದಲೆಳೆಯಂಥ ಸೂಜಿ ಹಾಕಿ, ಎರಡೆರಡಕ್ಕೆ ಕ್ಲಿಪ್ ಸಿಕ್ಕಿಸಿ, ಬ್ಯಾಟರಿ ಯಂತ್ರದಿಂದ ತೀರಾ ಸಣ್ಣ ಕರೆಂಟ್ ಬಿಡುತ್ತಾರೆ. ಸಾಮಾನ್ಯವಾಗಿ 20ರಿಂದ 30 ನಿಮಿಷ. ಜುಮ್ಮೆನ್ನುತ್ತದೆ, ಅಷ್ಟೇ.

ಕೆಲಸ ಮಾಡುತ್ತದಾ? ಖಿನ್ನತೆಗೆ ಎಂದಿನ ಚಿಕಿತ್ಸೆಯ ಜೊತೆಗೆ ಅಕ್ಯುಪಂಕ್ಚರ್ ಸೇರಿಸಿದಾಗ ಸ್ವಲ್ಪ ಅನುಕೂಲ ಕಂಡ ಅಧ್ಯಯನಗಳಿವೆ. ಇಂಗ್ಲೆಂಡಿನಲ್ಲಿ 755 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ಒಂದು, ಆದರೆ ಅಲ್ಲಿ ಅಳೆದದ್ದು ಮುಖ್ಯವಾಗಿ ಬೇಸರವನ್ನು. ಮರೆವು, ಗಮನದ ವಿಷಯಕ್ಕೆ ಬಂದರೆ ಇರುವುದು ಹೆಚ್ಚಾಗಿ ಚೀನಾದ ಸಣ್ಣ ಅಧ್ಯಯನಗಳು ಮತ್ತು ಇಲಿಗಳ ಮೇಲಿನ ಪ್ರಯೋಗಗಳು. ಅಷ್ಟನ್ನೇ ನಂಬಿ ಮಾತ್ರೆ ಬಿಡಿ ಅನ್ನುವುದು ಅಪಾಯದ ಮಾತು. ಮಾತ್ರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಖಿನ್ನತೆಯೇ ವಾಪಸ್ ಬರಬಹುದು.

ನಿಮ್ಮಣ್ಣ ಹೇಳುವುದು ನಿಜವಾದ ತೊಂದರೆ, ದಯವಿಟ್ಟು ಸೋಮಾರಿತನ ಅನ್ನಬೇಡಿ. ಮನಸ್ಸು ಹಗುರಾದ ಮೇಲೂ ಗಮನ, ನೆನಪು, ಲೆಕ್ಕದ ಚುರುಕು ಹಿಂದೆ ಉಳಿಯುವುದು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ. ಬೇಜಾರೆಂದರೆ, ರೋಗಿಗಳು ಇದನ್ನು ಡಾಕ್ಟರಿಗೆ ಹೇಳುವುದೇ ಇಲ್ಲ, ನಾವೂ ನಿದ್ದೆ, ಊಟ ಕೇಳಿ ಕಳಿಸಿಬಿಡುತ್ತೇವೆ. ಮುಂದಿನ ಸಲ ಹರಾಜಿನ ವಿಷಯವನ್ನು ಹೀಗೇ ಬಿಡಿಸಿ ಹೇಳಲಿ. ಥೈರಾಯ್ಡ್, ಬಿ12, ಸಕ್ಕರೆ, ರಕ್ತಹೀನತೆ ಪರೀಕ್ಷೆ ಮಾಡಿಸಿ. ಜೋರು ಗೊರಕೆ, ಕುಡಿತ ಇದ್ದರೆ ಮುಚ್ಚಿಡಬೇಡಿ. ಆಮೇಲೆ ಮಾತ್ರೆ ಚೀಟಿ ನೋಡಬೇಕು. ನಿದ್ದೆಗೆಂದು ಶುರುಮಾಡಿದ ಕ್ಲೋನಜೆಪಾಮ್ ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಅದೇ ಮರೆವು ತರಬಹುದು. ಅದನ್ನೂ ಡಾಕ್ಟರ್ ಹೇಳಿದಂತೆ ನಿಧಾನವಾಗಿಯೇ ಇಳಿಸಬೇಕು.

ಪ್ರಶ್ನೆ (ಅವರೇ):
ಕ್ಲೋನಜೆಪಾಮ್ ಇದೆ ಸರ್, ದಿನಾ ರಾತ್ರಿ. ಮರೆವು ಸರಿಹೋಗುವವರೆಗೆ ವ್ಯಾಪಾರ ಬಿಡಿಸೋಣ್ವಾ?

ಉತ್ತರ:
ಬಿಡಿಸಬೇಡಿ, ಹಗುರ ಮಾಡಿ. ಲಾಟ್ ನಂಬರ್, ರೇಟು ಕೂಡಲೇ ಚೀಟಿಯಲ್ಲಿ ಬರೆಯಲಿ, ಪಕ್ಕದಲ್ಲಿ ನೀವಿರಿ. ದೊಡ್ಡ ಮೊತ್ತದ ಖರೀದಿ ಸದ್ಯ ನಿಮ್ಮದು. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಲಿ. ಇಷ್ಟೆಲ್ಲಾ ಆದ ಮೇಲೂ ಸೂಜಿ ಚಿಕಿತ್ಸೆ ನೋಡಬೇಕು ಅನ್ನಿಸಿದರೆ ಮಾತ್ರೆ ಜೊತೆಗೇ ಮಾಡಿಸಿ, ತರಬೇತಿ ಪಡೆದವರ ಹತ್ತಿರ, ಒಮ್ಮೆ ಬಳಸಿ ಎಸೆಯುವ ಸೂಜಿಯಲ್ಲಿ.

ಪ್ರಶ್ನೆ (ಚಿಂತಾಮಣಿಯಿಂದ):
ನಮ್ಮಮ್ಮನಿಗೆ 70, ಖಿನ್ನತೆ ಜೊತೆ ಮರೆವು. ಪೇಸ್‌ಮೇಕರ್ ಇದೆ. ಅವರಿಗೂ ಮಾಡಿಸಬಹುದಾ?

ಉತ್ತರ:
ಬೇಡ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಸೂಜಿ ಬೇಡವೇ ಬೇಡ. ಫಿಟ್ಸ್ ಇರುವವರು, ಗರ್ಭಿಣಿಯರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರೂ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಈ ವಯಸ್ಸಿನ ಮರೆವು ಖಿನ್ನತೆಯದ್ದೋ, ಡಿಮೆನ್ಷಿಯಾ ಅನ್ನುವ ಮರೆವಿನ ಕಾಯಿಲೆ ಶುರುವಾಗಿರುವುದೋ ಅಂತ ನೋಡಿಯೇ ತಿಳಿಯಬೇಕು, ಚಿಕಿತ್ಸೆ ಬೇರೆ ಬೇರೆ. ಈ ವಾರವೇ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ, ಎಲ್ಲಾ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು. ಅಷ್ಟರೊಳಗೆ ಬದುಕೇ ಬೇಡ ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.